ಸಿದ್ದಯ್ಯ ಬಿನ್ ಮಾದಯ್ಯ

ನಮ್ಮ ಕೇರಿಯಲ್ಲಿ ನಾವು ನಾಲ್ಕು ಜನ ಸಿದ್ದಯ್ಯರಿದ್ದೇವೆ. ನಾಲ್ವರ ಅಪ್ಪಂದಿರ ಹೆಸರೂ ಮಾದಯ್ಯ. ಹಾಗಂತ ನಾವು ಅಣ್ಣತಮ್ಮಂದಿರಲ್ಲ, ದಾಯಾದಿಗಳೂ ಅಲ್ಲ. ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರಿಗೆ ಸೂತಕವಿಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರು ಹೆಣ್ಣು ತರಬಹುದು. ಅಷ್ಟು ಬೇರೆ ನಾವು. ಆದರೆ ಯಾವ ಕಚೇರಿಯ ಬಾಗಿಲಿಗೆ ಹೋದರೂ ನಾವು ನಾಲ್ವರೂ ಸೇರಿ ಒಬ್ಬನೇ ಆಗಿಬಿಡುತ್ತೇವೆ.

ಈ ಬರಹವನ್ನು ನಾಲ್ವರೂ ಕೂತು ಮಾತಾಡಿ, ನಮ್ಮಲ್ಲಿ ಮೇಷ್ಟ್ರಾಗಿರುವವನ ಕೈಲಿ ಬರೆಸಿದ್ದೇವೆ. ಅದಕ್ಕೇ ಇಲ್ಲಿ ನಾನು ಅನ್ನೋ ಮಾತಿಲ್ಲ. ಓದುವ ಗೆಳೆಯರು ಯಾವ ಸಿದ್ದಯ್ಯ ಬರೆದದ್ದು ಅಂತ ಕೇಳಬೇಡಿ. ಆ ಪ್ರಶ್ನೆಯಿಂದ ನಾವು ಪಟ್ಟ ಪಾಡನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಕೇರಿಯೊಳಗೆ ನಮಗೆ ಯಾವ ಗೊಂದಲವೂ ಇಲ್ಲ. ದಿಬ್ಬದ ಮನೆ ಸಿದ್ದಯ್ಯ, ಹುಣಸೆಮರದ ಸಿದ್ದಯ್ಯ, ತಮಟೆ ಸಿದ್ದಯ್ಯ, ಮೇಷ್ಟ್ರು ಸಿದ್ದಯ್ಯ. ಕಣ್ಣು ಕಾಣದ ಮುದುಕಿ ಕೂಡ ಕೆಮ್ಮು ಕೇಳಿ ಯಾವ ಸಿದ್ದಯ್ಯ ಅಂತ ಹೇಳುತ್ತಾಳೆ. "ಯಾವನ್ಲಾ ಅದು, ಹುಣಸೆಮರದೋನಾ? ಬಾ ಕೂತ್ಕೊ, ಮುದ್ದೆ ಉಣ್ಣು" ಅನ್ನುತ್ತಾಳೆ. ನಮ್ಮ ಜನಕ್ಕೆ ಹೆಸರು ಒಂದೇ ಆದರೂ ಆಳು ಬೇರೆ ಅಂತ ಗೊತ್ತು. ಒಬ್ಬನ ನಡಿಗೆ ಬೇರೆ, ಒಬ್ಬನ ಸಾಲ ಬೇರೆ, ಒಬ್ಬನ ಕೋಪ ಬೇರೆ.

ಕೇರಿ ದಾಟಿ ಊರೊಳಗೆ ಕಾಲಿಟ್ಟರೆ ಈ ಲೆಕ್ಕ ಮುಗಿಯುತ್ತದೆ. ಜಗಲಿ ಮೇಲೆ ಕೂತ ಹತ್ತು ವರ್ಷದ ಹುಡುಗ "ಲೋ ಸಿದ್ದ" ಅಂತ ಕೂಗುತ್ತಿದ್ದ. ನಮ್ಮ ತಾತಂದಿರ ಕಾಲದಲ್ಲಿ ಆ ಕೂಗಿಗೆ ನಾಲ್ವರಲ್ಲಿ ಯಾರು ಹೋದರೂ ನಡೆಯುತ್ತಿತ್ತು. ಬಣವೆ ಹಾಕಬೇಕು, ಸತ್ತ ದನ ಎಳೆಯಬೇಕು, ಪಕ್ಕದೂರಿಗೆ ಸಾವಿನ ಸುದ್ದಿ ಒಯ್ಯಬೇಕು. ಕೆಲಸಕ್ಕೆ ಎರಡು ಕೈ ಬೇಕಿತ್ತು, ಮುಖ ಬೇಕಿರಲಿಲ್ಲ. "ಯಾವ ಸಿದ್ದ ಬುದ್ಧಿ, ನಾನಾ ಅವನಾ?" ಅಂತ ನಮ್ಮ ತಾತ ಒಬ್ಬ ಕೇಳಿದನಂತೆ. "ಯಾವನಾದ್ರೇನ್ಲಾ, ಎಲ್ಲಾ ಒಂದೇ" ಅಂತ ಜವಾಬು ಬಂತಂತೆ.

ಎಲ್ಲಾ ಒಂದೇ! ಸಮಾನತೆಯ ಭಾಷಣದಲ್ಲಿ ಈ ಮಾತು ಎಷ್ಟು ಚಂದ! ಊರ ಜಗಲಿಯಿಂದ ಬಂದಾಗ ಇದರ ಅರ್ಥ ಏನು ಅಂತ ನಮಗೆ ಗೊತ್ತು.

ನಾವು ಇಸ್ಕೂಲಿಗೆ ಸೇರಿದ್ದು 1978ರಲ್ಲಿ, ಒಂದೇ ವರ್ಷ, ಒಂದೇ ದಿನ. ಮೇಷ್ಟ್ರು ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಕೇಳಿದರು. ಸಿದ್ದ, ಸಿದ್ದ, ಸಿದ್ದ, ಸಿದ್ದ. ಅಪ್ಪನ ಹೆಸರು? ಮಾದ, ಮಾದ, ಮಾದ, ಮಾದ. ಮೇಷ್ಟ್ರಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ನಾವು ತಮಾಷೆ ಮಾಡುತ್ತಿದ್ದೇವೆ ಅಂದುಕೊಂಡು ಮೊದಲನೆಯವನಿಗೆ ಒಂದೇಟು ಬಿಟ್ಟರು. ಕೊನೆಗೆ ಹಾಜರಿ ಪುಸ್ತಕದಲ್ಲಿ ಎಂ. ಸಿದ್ದಯ್ಯ ಒಂದು, ಎಂ. ಸಿದ್ದಯ್ಯ ಎರಡು, ಮೂರು, ನಾಲ್ಕು ಅಂತ ಬರೆದರು. ಹುಟ್ಟಿದ ದಿನ ಯಾರ ಮನೆಯಲ್ಲೂ ಬರೆದಿಟ್ಟಿರಲಿಲ್ಲ. ನಾಲ್ವರಿಗೂ ಜೂನ್ ಒಂದನೇ ತಾರೀಕು ಹಾಕಿದರು. ಹೀಗೆ ಹೆಸರು ಒಂದು, ಅಪ್ಪನ ಹೆಸರು ಒಂದು, ಊರು ಒಂದು, ಜಾತಿ ಒಂದು, ಹುಟ್ಟಿದ ದಿನವೂ ಒಂದಾಯಿತು. ವರ್ಷವೊಂದು ಮಾತ್ರ ಮೇಷ್ಟ್ರ ಕೈಲಿ ಅಲ್ಲಲ್ಲಿ ಹಿಂದುಮುಂದಾಯಿತು. ಸ್ಕಾಲರ್‌ಶಿಪ್ಪಿನ ಹಣ ಬಂದಾಗ ಒಂದನೆಯವನು ಎರಡು ಸಲ ರುಜು ಹಾಕಿದ, ನಾಲ್ಕನೆಯವನಿಗೆ ಏನೂ ಸಿಗಲಿಲ್ಲ. ಕೇಳಿದ್ದಕ್ಕೆ "ಕೊಟ್ಟಾಗಿದೆಯಲ್ಲೋ, ಸಿದ್ದಯ್ಯ ಅಂತ ರುಜು ಇದೆ ನೋಡು" ಅಂದರು. ಆ ಹಣವನ್ನು ನಾವು ಕೇರಿಗೆ ಬಂದು ಹುಣಸೆಮರದ ಬುಡದಲ್ಲಿ ಹಂಚಿಕೊಂಡೆವು. ಕಚೇರಿ ಮಾಡಿದ ತಪ್ಪನ್ನು ನಾವೇ ತಿದ್ದಿಕೊಂಡದ್ದು ಅದೇ ಮೊದಲು.

ಯಾಕೆ ಎಲ್ಲರಿಗೂ ಇದೇ ಹೆಸರು ಅಂತ ಕೇಳಬಹುದು. ನಮ್ಮದು ಕಾವೇರಿ ದಂಡೆಯ ಸೀಮೆ. ನಮ್ಮ ಮನೆದೇವರುಗಳು ಚಿಕ್ಕಲ್ಲೂರಿನ ಸಿದ್ದಪ್ಪಾಜಿ, ಏಳುಮಲೆಯ ಮಾದಪ್ಪ, ಬೊಪ್ಪೇಗೌಡನಪುರದ ಮಂಟೇಸ್ವಾಮಿ, ನಂಜನಗೂಡಿನ ನಂಜುಂಡ. ಹರಕೆ ಹೊತ್ತು ಹುಟ್ಟಿದ ಮಗುವಿಗೆ ದೇವರ ಹೆಸರು. ಹಾಗಾಗಿ ಸಿದ್ದಯ್ಯ, ಮಾದಯ್ಯ, ಮಂಟಯ್ಯ, ನಂಜಯ್ಯ. ಚಿಕ್ಕಲ್ಲೂರ ಜಾತ್ರೆಯಲ್ಲಿ ನಿಂತು "ಸಿದ್ದಾ" ಅಂತ ಒಂದು ಕೂಗು ಹಾಕಿ ನೋಡಿ, ನೂರು ತಲೆ ತಿರುಗುತ್ತವೆ. ಸಿದ್ದಪ್ಪಾಜಿಯೇನು ದೊಡ್ಡಕುಲದ ದೇವರಲ್ಲ. ಹಲಗೂರಿನ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ, ಮಂಟೇಸ್ವಾಮಿಯ ಶಿಶುಮಗನಾಗಿ ಸಿದ್ದಪ್ಪಾಜಿಯಾದ ಅಂತ ನೀಲಗಾರರು ಹಾಡುತ್ತಾರೆ. ಕೆಲಸ ಮಾಡುವ ಕೈಯ ದೇವರ ಹೆಸರು ನಮ್ಮದು. ಆ ಹೆಸರಿನ ಬಗ್ಗೆ ನಮಗೆ ನಾಚಿಕೆಯಿಲ್ಲ.

ಇನ್ನೊಂದು ಪದ್ಧತಿಯೂ ಇದೆ. ತಾತನ ಹೆಸರು ಮೊಮ್ಮಗನಿಗೆ. ತಾತ ತೀರಿಕೊಂಡ ಮೇಲೆ ಹುಟ್ಟಿದ ಗಂಡಿಗೆ ಅವನ ಹೆಸರಿಟ್ಟರೆ ಅವನೇ ಬಂದ ಅಂತ ಲೆಕ್ಕ. ಹಾಗಾಗಿ ನಮ್ಮ ಮನೆಗಳಲ್ಲಿ ಸಿದ್ದಯ್ಯನ ಮಗ ಮಾದಯ್ಯ, ಮಾದಯ್ಯನ ಮಗ ಸಿದ್ದಯ್ಯ, ಮತ್ತೆ ಸಿದ್ದಯ್ಯನ ಮಗ ಮಾದಯ್ಯ. ಬಾವಿಯ ರಾಟೆ ತಿರುಗಿದ ಹಾಗೆ. ಹೆತ್ತ ಕೂಸುಗಳೆಲ್ಲ ಸತ್ತು ಹೋಗುತ್ತಿದ್ದ ಮನೆಯಲ್ಲಿ ಮಾತ್ರ ಬೇರೆ ಕ್ರಮ. ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಸಾಕಿದ್ದನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಅಂತ ಕರೆಯುವುದು. ಸಾವಿನ ಕಣ್ಣು ತಪ್ಪಿಸಲಿಕ್ಕೆ ಬಡವರಿಗಿದ್ದ ಒಂದೇ ಉಪಾಯ. ಒಂದು ಕೇರಿಯಲ್ಲಿ ಎಷ್ಟು ತಿಪ್ಪಯ್ಯರಿದ್ದರೋ ಅದಕ್ಕಿಂತ ಹೆಚ್ಚು ಕೂಸುಗಳು ಅಲ್ಲಿ ಮಣ್ಣಾಗಿವೆ ಅಂತ ತಿಳಿಯಬೇಕು.

ಇದು ನಮ್ಮ ಕಡೆಯ ಕಾರಣ. ಆ ಕಡೆಯ ಕಾರಣವೂ ಒಂದಿದೆ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಸರಿಡುವ ಕಟ್ಟಳೆ ಬರೆದಿಟ್ಟಿದ್ದಾರೆ. ಬ್ರಾಹ್ಮಣನ ಹೆಸರು ಮಂಗಳ, ಕ್ಷತ್ರಿಯನದು ಬಲ, ವೈಶ್ಯನದು ಧನ, ಶೂದ್ರನದು ಹೇಯ. ಶೂದ್ರನಿಗೇ ಇಷ್ಟಾದರೆ ಊರಾಚೆ ಇದ್ದವನ ಪಾಡೇನು? ನಮ್ಮ ಊರಿನವರು ಯಾರೂ ಮನುವನ್ನು ಓದಿದವರಲ್ಲ. ಆದರೂ ನಮ್ಮ ತಾತಂದಿರ ಹೆಸರಿನ ಕೊನೆಗೆ ಅಯ್ಯ ಸೇರಿಸಿ ಕರೆಯಲು ಅವರ ನಾಲಿಗೆ ಏಳುತ್ತಿರಲಿಲ್ಲ. ಸಿದ್ದಯ್ಯ ಕೇರಿಯಲ್ಲಿ, ಊರಲ್ಲಿ ಬರೀ ಸಿದ್ದ. ಮಾದಯ್ಯ ಕೇರಿಯಲ್ಲಿ, ಊರಲ್ಲಿ ಮಾದ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಆ ಪುಸ್ತಕ ಸುಟ್ಟರು. ಪುಸ್ತಕ ಸುಟ್ಟಿತು, ನಾಲಿಗೆಯ ಮೇಲೆ ಬರೆದದ್ದು ಇನ್ನೂ ಪೂರಾ ಸುಟ್ಟಿಲ್ಲ.

ಸರ್ಕಾರದ ಕಾಗದದ್ದು ಮತ್ತೊಂದು ಭಾಷೆ. ಅಲ್ಲಿ ಮಗ ಅನ್ನೋದಕ್ಕೆ ಬಿನ್, ಹೆಂಡತಿ ಅನ್ನೋದಕ್ಕೆ ಕೋಂ. ಬಿನ್ ಅರಬ್ಬೀ ಮಾತು. ನವಾಬರ, ಅರಸರ ಕಾಲದ ಲೆಕ್ಕದ ಪುಸ್ತಕಗಳಿಂದ ಇಳಿದು ಬಂದು ಪಹಣಿಯಲ್ಲಿ ಉಳಿದಿದೆ. ಸಿದ್ದ ಬಿನ್ ಮಾದ. ಅದರ ಮುಂದೆ ಎ.ಕೆ. ಅಂತ ಎರಡಕ್ಷರ. ಆದಿ ಕರ್ನಾಟಕ ಅಂತ ಅದರ ಅರ್ಥ. ಪಟ್ಟಣದಿಂದ ಹೊಸದಾಗಿ ಬಂದ ಪೋಸ್ಟ್‌ಮನ್ ಒಬ್ಬ ಅದನ್ನು ಇನಿಷಿಯಲ್ ಅಂದುಕೊಂಡು, "ನಿಮ್ಮ ಊರಲ್ಲಿ ಎಲ್ಲರ ಇನಿಷಿಯಲ್ಲೂ ಎ.ಕೆ. ಯಾಕ್ರೀ?" ಅಂತ ಕೇಳಿದ್ದ. ನಾವು ನಕ್ಕೆವು. ಏನು ಹೇಳುವುದು? ನಮ್ಮ ಇನಿಷಿಯಲ್ಲು ನಮ್ಮ ಜಾತಿಯೇ.

ಹನ್ನೆರಡನೇ ಶತಮಾನದಲ್ಲೂ ಹೀಗೇ ಇತ್ತೇನೋ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಅಂತ ಕುಲವನ್ನೋ ಕಾಯಕವನ್ನೋ ಹೆಸರಿನ ಮುಂದಿಟ್ಟರು. ಆ ಶರಣರು ಅದನ್ನು ತಲೆ ಎತ್ತಿಕೊಂಡು ಹೊತ್ತರು. ಹೆಂಗಸರ ವಿಷಯಕ್ಕೆ ಬಂದರೆ ಅಲ್ಲೂ ಕೋಂ ಇತ್ತು. ವಚನ ಬರೆದ ಕಾಳವ್ವೆಯರು ಒಬ್ಬರಲ್ಲ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ. ಗಂಡನ ಹೆಸರು ಕಿತ್ತರೆ ಯಾವ ಮಾತು ಯಾವ ಕಾಳವ್ವೆಯದು ಅಂತ ಹೇಳುವವರಿಲ್ಲ. ನಮ್ಮ ಕೇರಿಯಲ್ಲಿ ಈಗಲೂ ಮೂವರು ಕಾಳಮ್ಮಂದಿರಿದ್ದಾರೆ. ವಿಧವಾ ಪಿಂಚಣಿಯ ಪಟ್ಟಿಯಲ್ಲಿ ಗಂಡ ಸತ್ತವಳ ಬದಲು ಗಂಡ ಬದುಕಿರುವವಳ ಹೆಸರಿಗೆ ಹಣ ಬಂತು. ಅವಳು ಕಚೇರಿಗೆ ಹೋಗಿ "ನನ್ನ ಗಂಡ ಸತ್ತಿಲ್ಲ ಕಣ್ರಪ್ಪಾ" ಅಂತ ಅತ್ತಳು.

ಇವೆಲ್ಲ ನಗುವ ಸಂಗತಿಗಳು. ನಗಲಾರದ ಸಂಗತಿ ಹೊಲದ್ದು.

1958ರಲ್ಲಿ ದಿಬ್ಬದ ಮನೆ ಸಿದ್ದಯ್ಯ ತಾತನಿಗೆ ಸರ್ಕಾರದಿಂದ ಎರಡು ಎಕರೆ ಜಮೀನು ಮಂಜೂರಾಯಿತು. ಕಲ್ಲು, ಕಾರೆಮುಳ್ಳು ತುಂಬಿದ ಗೋಮಾಳದ ಅಂಚು. ಸಾಗುವಳಿ ಚೀಟಿಯಲ್ಲಿ ಇಷ್ಟು ವರ್ಷ ಯಾರಿಗೂ ಪರಭಾರೆ ಮಾಡಕೂಡದು ಅನ್ನೋ ಷರತ್ತಿತ್ತು. ತಾತ, ಅಜ್ಜಿ ಎಂಟು ವರ್ಷ ಕಲ್ಲು ಆಯ್ದರು. ಆಯ್ದ ಕಲ್ಲಲ್ಲೇ ಸುತ್ತ ಒಡ್ಡು ಹಾಕಿದರು. ಮೊದಲ ರಾಗಿ ಬೆಳೆದ ವರ್ಷ ಕೇರಿಗೆಲ್ಲ ಒಂದೊಂದು ಮೊರ ಕೊಟ್ಟರಂತೆ.

ಅದೇ ಕಾಲಕ್ಕೆ ಹುಣಸೆಮರದ ಮನೆ ಸಿದ್ದಯ್ಯ ತಾತ ಊರ ಧಣಿಯ ಮನೆಯಲ್ಲಿ ಜೀತಕ್ಕಿದ್ದ. ಮದುವೆಗೆ ತಂದ ಸಾಲ. ಬಡ್ಡಿಗೆ ಇವನ ಮೈ. 1966ರ ಬರದಲ್ಲಿ ಒಂದು ದಿನ ಧಣಿ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋದ. ಗಾಡಿಯ ಹಿಂದೆ ದನಕ್ಕೆ ಹುಲ್ಲು ಹಿಡಿದುಕೊಂಡು ಇವನ ಮಗ ಮಾದ, ಹದಿನಾಲ್ಕು ವರ್ಷದವನು, ನಡೆದು ಹೋದ. ಒಂದು ಕಚೇರಿಯೊಳಗೆ ಹೆಬ್ಬೆಟ್ಟು ಒತ್ತಿಸಿದರು. ಬರುವಾಗ ಧಣಿ ಅಪ್ಪ ಮಗನಿಗೆ ಹೋಟೆಲಿನ ಹೊರಗೆ ನಿಲ್ಲಿಸಿ ಕಾಫಿ ಕೊಡಿಸಿದ. "ಯಾಕ್ ಬುದ್ಧಿ ಹೆಬ್ಬೆಟ್ಟು?" ಅಂದದ್ದಕ್ಕೆ "ನಿನ್ನ ಸಾಲದ್ದು ಕಣ್ಲಾ" ಅಂದನಂತೆ.

ಮುಂಗಾರು ಬಿದ್ದಾಗ ದಿಬ್ಬದ ಮನೆಯ ಹೊಲಕ್ಕೆ ಧಣಿಯ ಆರು ಬಂತು. ತಾತ ಓಡಿಹೋಗಿ ಅಡ್ಡ ಮಲಗಿದ. ಧಣಿ ಕಾಗದ ತೋರಿಸಿದ. ಸಿದ್ದ ಬಿನ್ ಮಾದ, ಎ.ಕೆ., ಇಂಥ ಸರ್ವೆ ನಂಬರು, ಎರಡು ಎಕರೆ, ಚೆಕ್ಕುಬಂದಿ ಇಂತಿಷ್ಟು, ಮುನ್ನೂರು ರೂಪಾಯಿಗೆ ಕ್ರಯ. ಕೆಳಗೆ ಎಡಗೈ ಹೆಬ್ಬೆಟ್ಟು. ಹೆಸರು ಸರಿ, ಅಪ್ಪನ ಹೆಸರು ಸರಿ, ಜಾತಿ ಸರಿ, ಊರು ಸರಿ. ಕಾಗದದಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಬೆರಳು ಮಾತ್ರ ಬೇರೆಯವನದು.

ತಾತ ಠಾಣೆಗೆ ಹೋದ. "ಹೆಬ್ಬೆಟ್ಟು ಹಾಕಿ ಮಾರಿಕೊಂಡು ಈಗ ಬೊಗಳ್ತೀಯಾ?" ಅಂತ ಕೂರಿಸಿದರು. "ನಾನಲ್ಲ ಸ್ವಾಮಿ, ಇನ್ನೊಬ್ಬ ಸಿದ್ದ" ಅಂದ. ಆಗ ಅಲ್ಲಿಯೂ ಅದೇ ಮಾತು ಬಂತು. ಯಾವ ಸಿದ್ದ ಆದರೇನು?

ಧಣಿಯ ಮೇಲೆ ಏರಿ ಹೋಗುವ ಶಕ್ತಿ ಯಾರಿಗೂ ಇರಲಿಲ್ಲ. ಸಿಟ್ಟು ಎಲ್ಲಿ ಹೋಗಬೇಕು? ಪಕ್ಕದ ಗುಡಿಸಲಿಗೆ ಹೋಯಿತು. "ಮುನ್ನೂರಕ್ಕೆ ನಮ್ಮ ಹೊಲ ಮಾರ್ದ" ಅಂತ ದಿಬ್ಬದ ಮನೆಯವರು ಹುಣಸೆಮರದವರ ಬಾಗಿಲಿಗೆ ಮಣ್ಣು ತೂರಿದರು. ಹುಣಸೆಮರದ ತಾತ ಮಾದಪ್ಪನ ಆಣೆ ಇಟ್ಟ, ನಂಬಲಿಲ್ಲ. ಎರಡು ಮನೆಗಳ ನಡುವೆ ನೀರು, ಬೆಂಕಿ ನಿಂತಿತು. ಸಾವಿಗೆ ಹೋಗುವುದು ನಿಂತಿತು. ಊರ ಬಾವಿಗೆ ನಾವು ಹೋಗುವಂತಿರಲಿಲ್ಲ. ಈಗ ಕೇರಿಯ ಬಾವಿಯಲ್ಲೂ ಒಂದು ಮನೆಯವರು ಸೇದುವಾಗ ಇನ್ನೊಂದು ಮನೆಯವರು ದೂರ ನಿಂತರು. ತಾತಂದಿರಿಬ್ಬರೂ ಆ ಹಗೆಯಲ್ಲೇ ಸತ್ತರು. ಅವರು ಸತ್ತ ಮೇಲೆ ಹುಟ್ಟಿದ ಮೊಮ್ಮಕ್ಕಳಿಗೆ ಎರಡೂ ಮನೆಯಲ್ಲಿ ಸಿದ್ದಯ್ಯ ಅಂತಲೇ ಹೆಸರಿಟ್ಟರು. ಹೆಸರಿನ ಜೊತೆ ಹಗೆಯೂ ಬಂತು. ಇಸ್ಕೂಲಲ್ಲಿ ನಾವು ಒಂದೇ ಹಲಗೆಯ ಮೇಲೆ ಕೂತು ಸ್ಕಾಲರ್‌ಶಿಪ್ ಹಂಚಿಕೊಂಡರೂ ಮನೆಗೆ ಬಂದರೆ ಅವ್ವಂದಿರು ಬಯ್ಯುತ್ತಿದ್ದರು.

ದೇವರಾಜ ಅರಸರ ಸರ್ಕಾರ 1978ರಲ್ಲಿ ಒಂದು ಕಾನೂನು ತಂದಿತ್ತು. ಪರಿಶಿಷ್ಟ ಜಾತಿ, ಪಂಗಡಗಳ ಜನಕ್ಕೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಯಾರು ಕೊಂಡಿದ್ದರೂ ಆ ಕ್ರಯ ರದ್ದು. ಜಮೀನು ಮಂಜೂರಾದವನಿಗೆ ಇಲ್ಲವೇ ಅವನ ವಾರಸುದಾರರಿಗೆ ವಾಪಸು. ಜನ ಪಿ.ಟಿ.ಸಿ.ಎಲ್. ಅಂತ ಕರೆಯುವುದು ಇದನ್ನೇ. 1979ರ ಜನವರಿ ಒಂದರಿಂದ ಜಾರಿಗೆ ಬಂತು. ಕೊಂಡವರು ದಿಲ್ಲಿವರೆಗೂ ಹೋದರು. 1984ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಇದೆಲ್ಲ ಆಗುವಾಗ ನಾವು ದನ ಕಾಯುತ್ತಿದ್ದೆವು, ಮಗ್ಗಿ ಕಲಿಯುತ್ತಿದ್ದೆವು. ಜೀತ ರದ್ದಾಗಿ 1976ರಲ್ಲೇ ಕಾನೂನು ಬಂದಿದ್ದರೂ ಹುಣಸೆಮರದ ಮಾದಣ್ಣ ಇನ್ನೂ ಧಣಿಯ ಕೊಟ್ಟಿಗೆಯಲ್ಲೇ ಇದ್ದ. ಕಾನೂನು ಬೆಂಗಳೂರಿಂದ ಹೊರಟು ನಮ್ಮ ಕೇರಿಗೆ ನಡೆದು ಬರಲಿಕ್ಕೆ ಇಪ್ಪತ್ತೈದು ವರ್ಷ ಬೇಕಾಯಿತು. ಸಂಘದ ಗೆಳೆಯರು ಓದಿ ಹೇಳಿದ ಮೇಲೆ 2004ರಲ್ಲಿ ದಿಬ್ಬದ ಮನೆಯವರು ಅರ್ಜಿ ಹಾಕಿದರು.

ಮೊದಲನೇ ವಾಯಿದೆ. ಕಚೇರಿಯ ಜವಾನ ಹೊರಗೆ ಬಂದು "ಸಿದ್ದಯ್ಯ ಬಿನ್ ಮಾದಯ್ಯ" ಅಂತ ಮೂರು ಸಲ ಕೂಗಿದ. ಅರ್ಜಿ ಹಾಕಿದ ದಿಬ್ಬದ ಮನೆಯವನು ಎದ್ದ. ಎದುರಾಳಿ ಕಡೆಯವರು ನೋಟೀಸು ಕೊಟ್ಟು ಕರೆಸಿದ್ದ ಹುಣಸೆಮರದವನೂ ಎದ್ದ. ಅಧಿಕಾರಿ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಈ ಜಮೀನು ಮಂಜೂರಾದದ್ದು 1958ರಲ್ಲಿ. ನೀವಿಬ್ಬರೂ ಆಗ ಹುಟ್ಟೇ ಇಲ್ಲ" ಅಂದರು. ತಾತನ ಹೆಸರು ಮೊಮ್ಮಗನಿಗೆ ಅನ್ನೋದನ್ನು ವಿವರಿಸಲಿಕ್ಕೆ ಆ ದಿನವೆಲ್ಲ ಹಿಡಿಯಿತು.

ಧಣಿ ಸತ್ತಿದ್ದ, ಮಕ್ಕಳಿದ್ದರು. ಅವರ ವಕೀಲನ ವಾದ ಇಷ್ಟು: ಮಂಜೂರಾದದ್ದು ಹುಣಸೆಮರದ ಸಿದ್ದನಿಗೆ, ಮಾರಿದ್ದೂ ಅವನೇ. ದಿಬ್ಬದ ಮನೆಯವರು ಬರೀ ಹೆಸರಿನ ಆಸರೆಯಲ್ಲಿ ಬಂದವರು, ಅವರಿಗೂ ಈ ಜಮೀನಿಗೂ ಸಂಬಂಧವಿಲ್ಲ, ಅರ್ಜಿ ವಜಾ ಮಾಡಿ. ಹುಣಸೆಮರದವರಂತೂ ಅರ್ಜಿ ಹಾಕುವವರಲ್ಲ. ಅವರು ಇವರ ಕೊಟ್ಟಿಗೆಯ ಆಳುಗಳು. ಎಷ್ಟು ಸಲೀಸು ನೋಡಿ! ಅಂದು ಇಬ್ಬರು ಸಿದ್ದರೂ ಒಂದೇ ಅಂದವರು, ಇಂದು ಇಬ್ಬರೂ ಬೇರೆ ಬೇರೆ ಅಂತ ಕಂಡುಹಿಡಿದಿದ್ದರು.

ವಾಯಿದೆಯ ಹಿಂದಿನ ರಾತ್ರಿ ಧಣಿಯ ಮಗ ಮಾದಣ್ಣನನ್ನು ಕರೆಸಿದ. "ಮಾದ, ಆ ಹೊಲ ನಮ್ಮಪ್ಪಂಗೇ ಮಂಜೂರಾಗಿದ್ದು ಅಂತ ಒಂದ್ಮಾತು ಹೇಳು ಸಾಕು. ಕೆರೆ ಹಿಂದ್ಲ ಒಂದೆಕರೆ ನಿನ್ನ ಹೆಸ್ರಿಗೆ ಬರೆದ್ಕೊಡ್ತೀನಿ. ನಿಂಗೂ ಮಗ ಅವ್ನೆ." ಮಾದಣ್ಣನಿಗೆ ಅಂಗೈಯಗಲ ಭೂಮಿ ಇರಲಿಲ್ಲ. ಹೇಳಿದರೆ ಕೇಳುವವರೂ ಇರಲಿಲ್ಲ. ಆ ದಿನ ಗಾಡಿಯ ಹಿಂದೆ ನಡೆದವನು ಅವನೊಬ್ಬನೇ. ಮೇಲಾಗಿ ದಿಬ್ಬದ ಮನೆಯವರು ಅವನಪ್ಪನ ಹೆಣಕ್ಕೆ ಒಂದು ಹಿಡಿ ಮಣ್ಣು ಹಾಕಲಿಕ್ಕೂ ಬಂದಿರಲಿಲ್ಲ.

ಆ ರಾತ್ರಿ ಅವನು ಮನೆಯಲ್ಲಿ ಉಣ್ಣಲಿಲ್ಲ. ಮಗ, ನಮ್ಮ ಹುಣಸೆಮರದ ಸಿದ್ದಯ್ಯ, "ಏನ್ ಹೇಳ್ತೀಯಪ್ಪ ನಾಳೆ?" ಅಂತ ಕೇಳಿದ. "ಗೊತ್ತಿಲ್ಲ ಕಣಪ್ಪ" ಅಂದನಂತೆ. ನಮ್ಮಲ್ಲಿ ಉಳಿದ ಮೂವರಿಗೂ ನಂಬಿಕೆ ಇರಲಿಲ್ಲ ಅನ್ನೋದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಅವನು ಧಣಿಯ ಕಡೆ ಹೇಳುತ್ತಾನೆ ಅಂತಲೇ ನಾವು ಅಂದುಕೊಂಡಿದ್ದೆವು. ನಮಗೂ ಅವನು ಅಷ್ಟೇ ಆಗಿದ್ದ: ಧಣಿಯ ಮನೆ ಮಾದ.

ಮಾದಣ್ಣ ಕಟಕಟೆ ಹತ್ತಿರ ನಿಂತು ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಅಧಿಕಾರಿ "ಟವೆಲ್ ಹೆಗಲ ಮೇಲೇ ಇರಲಿ" ಅಂದರು. ಅವನು ಹಾಕಿಕೊಳ್ಳಲಿಲ್ಲ. ನಿಧಾನವಾಗಿ ಮಾತಾಡಿದ. "ಕಾಗದದಲ್ಲಿರೋ ಹೆಬ್ಬೆಟ್ಟು ನಮ್ಮಪ್ಪುಂದು ಸ್ವಾಮಿ. ಹೊಲ ನಮ್ಮಪ್ಪುಂದಲ್ಲ. ಗಾಡಿ ಹಿಂದೆ ನಾನಿದ್ದೆ. ಸಾಲದ್ದು ಅಂತ ಒತ್ತುಸ್ಕೊಂಡ್ರು. ನಮ್ಮಪ್ಪ ಮಾದಪ್ಪನ ಆಣೆ ಇಟ್ಟು ಸತ್ತ, ಯಾರೂ ನಂಬ್ಲಿಲ್ಲ. ಹೊಲ ಯಾರಿಗಾದ್ರೂ ಹೋಗ್ಲಿ. ನಮ್ಮಪ್ಪ ಮಾರ್ಲಿಲ್ಲ ಅಂತ ಬರ್ಕೊಳಿ."

"ನಮ್ಮಪ್ಪ ಮಾರ್ಲಿಲ್ಲ ಅಂತ ಬರ್ಕೊಳಿ" ಅಂತ ಮತ್ತೊಂದು ಸಲ ಹೇಳಿದ. ಗುಮಾಸ್ತ ಬರೆದುಕೊಂಡ.

ಹೊರಗೆ ಬಂದ ಮೇಲೆ ದಿಬ್ಬದ ಮನೆ ಅಜ್ಜಿ, ಎಂಬತ್ತು ದಾಟಿದ ಜೀವ, ಕಲ್ಲು ಆಯ್ದ ಅದೇ ಕೈ, ಮಾದಣ್ಣನ ಎರಡು ಕೈ ಹಿಡಿದುಕೊಂಡಳು. ಏನೂ ಮಾತಾಡಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರೂ ಒಳಗೆ ಕೂತು ಕಾಫಿ ಕುಡಿದೆವು. ಮೂವತ್ತೊಂಬತ್ತು ವರ್ಷದ ಮೇಲೆ ಎರಡು ಮನೆಯವರು ಒಂದೇ ಮೇಜಿಗೆ ಕೂತಿದ್ದರು.

ಆ ವಾರವೇ ಧಣಿಯ ಮನೆಯಿಂದ ಮಾದಣ್ಣನನ್ನು ಹೊರಗೆ ಹಾಕಿದರು. ಕೂಲಿಗೂ ಯಾರೂ ಕರೆಯಲಿಲ್ಲ. ಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಸತ್ಯ ಹೇಳಿದ್ದರ ಬೆಲೆ ಕೊಟ್ಟವರು ಹುಣಸೆಮರದವರು. ಇದನ್ನು ನಮ್ಮ ಮಕ್ಕಳು ಮರೆಯಬಾರದು ಅಂತಲೇ ಬರೆಯುತ್ತಿದ್ದೇವೆ.

ಅಧಿಕಾರಿಯ ಆದೇಶ 2006ರಲ್ಲಿ ನಮ್ಮ ಕಡೆ ಆಯಿತು. ಮೇಲ್ಮನವಿಯಲ್ಲೂ ನಮ್ಮ ಕಡೆಯೇ ಆಯಿತು. ಅವರು ಇನ್ನೂ ಮೇಲಕ್ಕೆ ಹೋದರು. ಕಡತ ವರ್ಷಗಟ್ಟಲೆ ಮಲಗಿತು. 2017ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ, ಇಂಥ ಅರ್ಜಿಗಳನ್ನು ತಕ್ಕಮಟ್ಟಿನ ಕಾಲದೊಳಗೆ ಹಾಕಬೇಕು ಅಂತ ಹೇಳಿತು. ಅದನ್ನೇ ಹಿಡಿದು ನಮ್ಮ ಎದುರಾಳಿಗಳು ತಡವಾಯಿತು ಅಂದರು. ತಡವಾದದ್ದು ನಿಜ. ಓದು ಬಾರದ ಕೇರಿಗೆ ಕಾನೂನು ಓದಿ ಹೇಳದೆ ಇಪ್ಪತ್ತೈದು ವರ್ಷ ಸುಮ್ಮನಿದ್ದವರು ಯಾರು? ಅದನ್ನು ಯಾರೂ ಕೇಳಲಿಲ್ಲ. ಅರ್ಜಿ ಬಿತ್ತು. ರಾಜ್ಯದ ಉದ್ದಕ್ಕೂ ಇಂಥ ಅರ್ಜಿಗಳು ಬಿದ್ದವು. ಜನ ಬೀದಿಗಿಳಿದರು, ಧರಣಿ ಕೂತರು. 2023ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು: ಅರ್ಜಿಗೆ ಕಾಲದ ಮಿತಿ ಇಲ್ಲ. ನಾವು ಮತ್ತೆ ಕಡತ ಎತ್ತಿಸಿದ್ದೇವೆ. ಮತ್ತೆ ವಾಯಿದೆ ನಡೆಯುತ್ತಿದೆ.

ಹೆಸರಿನ ವಿಚಾರ ಮಾಡುತ್ತ ಹೋದರೆ ಒಂದು ಸಂಗತಿ ಕಾಣುತ್ತದೆ. ದೊಡ್ಡವರಿಗೂ ಹೆಸರು ಒಂದೇ ಆಗುತ್ತದೆ, ಆದರೆ ಅವರನ್ನು ಬೇರ್ಪಡಿಸಲಿಕ್ಕೆ ನಾಡೇ ನಿಲ್ಲುತ್ತದೆ. 2019ರಲ್ಲಿ ಮಂಡ್ಯ ಲೋಕಸಭೆಗೆ ಸುಮಲತಾ ಅಂಬರೀಶ್ ನಿಂತಾಗ ಅದೇ ಸುಮಲತಾ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಯಾರಿಗೂ ಗೊತ್ತಿಲ್ಲದ ಹೆಂಗಸರು, ಹೆಸರೊಂದೇ ಅವರ ಅರ್ಹತೆ. ಆದರೂ ಜನ ತಮಗೆ ಬೇಕಾದ ಸುಮಲತಾರನ್ನು ಹುಡುಕಿ ಓಟು ಒತ್ತಿದರು. ಮತಯಂತ್ರದಲ್ಲಿ ಅಭ್ಯರ್ಥಿಯ ಫೋಟೋ ಹಾಕುವ ಕ್ರಮವನ್ನು 2015ರಲ್ಲೇ ಆಯೋಗ ತಂದಿತ್ತು. ಓಟಿನ ಯಂತ್ರದಲ್ಲಿ ಹೆಸರಿನ ಪಕ್ಕ ಮುಖ ಇರಬೇಕು ಅಂತ ಗೊತ್ತಾದ ನಾಡಿಗೆ, ಕ್ರಯಪತ್ರದ ಹೆಬ್ಬೆಟ್ಟಿನ ಹಿಂದೆ ಯಾವ ಮುಖ ಇದೆ ಅಂತ ನೋಡಲು ಇಷ್ಟು ಕಷ್ಟವೇ?

ಇನ್ನೊಂದು ಮಾತು ಹೇಳಬೇಕು. 1972ರ 'ಬಂಗಾರದ ಮನುಷ್ಯ' ಸಿನಿಮಾದ ನಿರ್ದೇಶಕರ ಹೆಸರು ಸಿದ್ದಲಿಂಗಯ್ಯ. 1975ರ 'ಹೊಲೆಮಾದಿಗರ ಹಾಡು' ಬರೆದ ಕವಿಯ ಹೆಸರೂ ಸಿದ್ದಲಿಂಗಯ್ಯ. ಒಬ್ಬರು 2015ರಲ್ಲಿ ಹೋದರು, ಇನ್ನೊಬ್ಬರು 2021ರ ಕೊರೊನಾದಲ್ಲಿ ಹೋದರು. ನಮ್ಮ ಕೇರಿಯ ಹುಡುಗರಿಗೆ ಸಿದ್ದಲಿಂಗಯ್ಯ ಅಂದರೆ "ಯಾವ ಸಿದ್ದಲಿಂಗಯ್ಯ, ಸಿನಿಮಾದವರಾ ನಮ್ಮ ಕವಿಗಳಾ?" ಅಂತ ಕೇಳುತ್ತಾರೆ. ಅದು ಸರಿಯಾದ ಪ್ರಶ್ನೆ. ಮಾಡಿದ ಕೆಲಸ ನೋಡಿ ಆಳನ್ನು ಬೇರೆ ಮಾಡುವ ಪ್ರಶ್ನೆ. ನಮ್ಮ ತಾತ ಠಾಣೆಯಲ್ಲಿ ಕೇಳಲು ಹಂಬಲಿಸಿದ್ದು ಇಂಥ ಒಂದೇ ಪ್ರಶ್ನೆಯನ್ನು.

ಈಗ ಕೇರಿಯಲ್ಲಿ ಹೆಸರುಗಳು ಬದಲಾಗಿವೆ. ಬಾಬಾಸಾಹೇಬರ ಫೋಟೋ ಬಂದ ಮೇಲೆ ಭೀಮರಾವ್ ಬಂದ, ಗೌತಮ ಬಂದ, ಅಶೋಕ ಬಂದ, ರಮಾಬಾಯಿ ಬಂದಳು. ಸಿದ್ದ ಹೋಗಿ ಸಿದ್ಧಾರ್ಥ ಬಂದ. ತಮಾಷೆ ಏನೆಂದರೆ ಈಗ ನಮ್ಮ ಇಸ್ಕೂಲಲ್ಲಿ ನಾಲ್ಕು ಜನ ಸಿದ್ಧಾರ್ಥರಿದ್ದಾರೆ. ಹಾಜರಿ ಹಾಕುವ ಮೇಷ್ಟ್ರು ನಮ್ಮವನೇ. ಅವನು ಒಂದು, ಎರಡು ಅಂತ ಬರೆಯುವುದಿಲ್ಲ. ಅಪ್ಪನ ಹೆಸರಿನ ಜೊತೆ ಅವ್ವನ ಹೆಸರನ್ನೂ ಬರೆಯುತ್ತಾನೆ. ಅಪ್ಪಂದಿರೆಲ್ಲ ಸಿದ್ದಯ್ಯರಾದರೂ ಅವ್ವಂದಿರು ಬೇರೆ ಬೇರೆ ಊರಿಂದ, ಬೇರೆ ಬೇರೆ ಹೆಸರು ಹೊತ್ತು ಬಂದವರಲ್ಲವೇ? ಹಳ್ಳಿಯ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಅವರಿಗೂ ನಮ್ಮದು ಇದೇ ಕೋರಿಕೆ. ಮಗುವಿಗೆ ನಂಬರು ಕೊಡಬೇಡಿ. ಅದರ ಮನೆ ಎಲ್ಲಿದೆ ಅಂತ ಒಂದು ಸಲ ಹೋಗಿ ನೋಡಿ ಬನ್ನಿ.

ಹನ್ನೆರಡು ಅಂಕಿಯ ಆಧಾರ್ ಬಂದ ಮೇಲೆ ಇನ್ನು ಗೊಂದಲ ಇರದು ಅಂದರು. ನಾಲ್ವರೂ ಬೆರಳು ಕೊಟ್ಟೆವು. ದಿಬ್ಬದ ಮನೆಯವನದು ಸಲೀಸಾಗಿ ಬಂತು. ಗಾರೆ ಕೆಲಸ ಮಾಡಿ ಮಾಡಿ ಹುಣಸೆಮರದವನ ಬೆರಳ ಗೆರೆ ಸವೆದು ಯಂತ್ರ ಮತ್ತೆ ಮತ್ತೆ ಬೇಡ ಅಂದಿತು. ಅವನ ತಾತನ ಹೆಬ್ಬೆಟ್ಟು ಬೇಡದ ಕಡೆ ಅಚ್ಚಾಗಿ ಬಿದ್ದಿತ್ತು. ಮೊಮ್ಮಗನದು ಬೇಕಾದ ಕಡೆ ಬೀಳಲಿಲ್ಲ. ಆರನೇ ಸಲಕ್ಕೆ ಬಂತು.

ಮಾದಣ್ಣ ಹೋದ ವರ್ಷ ತೀರಿಕೊಂಡ. ದಿಬ್ಬದ ಮನೆಯವರು ಹೆಣಕ್ಕೆ ಹೆಗಲು ಕೊಟ್ಟರು. ಸೂತಕ ಇಲ್ಲದಿದ್ದರೂ ಮೂರು ದಿನ ಒಲೆ ಹಚ್ಚಲಿಲ್ಲ. ಹೊಲ ಬಂದರೆ ಅದರಲ್ಲಿ ಅರ್ಧ ಎಕರೆ ಹುಣಸೆಮರದವರೇ ಉಳಲಿ ಅಂತ ಅಜ್ಜಿ ಸಾಯುವ ಮುಂಚೆ ಹೇಳಿ ಹೋಗಿದ್ದಾಳೆ. ಬರೆದುಕೊಡಲಿಕ್ಕೆ ಕಾನೂನು ಬಿಡುವುದಿಲ್ಲ. ಉಣ್ಣಲಿಕ್ಕೆ ಬಿಡುತ್ತದೆ.

ಮುಂದಿನ ವಾಯಿದೆ ಮುಂದಿನ ತಿಂಗಳಿದೆ. ಬೆಂಗಳೂರಿಂದ ಅವನು ರಜ ಹಾಕಿ ಬರುತ್ತಾನೆ. ತಮಟೆ ಸಿದ್ದಯ್ಯ ಬೆಳಗಿನ ಬಸ್ಸಿಗೆ ಜಾಗ ಹಿಡಿಯುತ್ತಾನೆ. ಮೇಷ್ಟ್ರು ಕಡತ ಹಿಡಿದು ಬರುತ್ತಾನೆ. ಜವಾನ ಹೊರಗೆ ಬಂದು "ಸಿದ್ದಯ್ಯ ಬಿನ್ ಮಾದಯ್ಯ" ಅಂತ ಕೂಗಿದಾಗ ನಾವು ನಾಲ್ವರೂ ಏಳುತ್ತೇವೆ. ಯಾವ ಸಿದ್ದಯ್ಯ ಅಂತ ಅಧಿಕಾರಿ ಕೇಳಲಿ. ಒಬ್ಬೊಬ್ಬರಾಗಿ ಹೇಳುತ್ತೇವೆ.